ಕೊಟ್ಟದ್ದಷ್ಟೇ ತಗೊಳ್ರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಎಂಬಿಎ, ಎಂಸಿಎ ಸೀಟಿಗಾಗಿ ಪಿಜಿಸಿಇಟಿ ಬರೆಯುವವರು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಮೇಲೆ ಕಣ್ಣಿಟ್ಟು ಸಿಯುಇಟಿ-ಪಿಜಿಗೆ ಕೂರುವವರು, ಐಐಎಂ ಅಂತ ಕ್ಯಾಟ್ ಪರೀಕ್ಷೆಯ ಹಿಂದೆ ಬಿದ್ದವರು, ಇವತ್ತಿನ ಮಾತು ನಿಮಗೆ. ತಂದೆತಾಯಿ ಪಕ್ಕದಲ್ಲಿದ್ದರೆ ಅವರೂ ಕೇಳಲಿ. 'ನಮ್ಮ ಹುಡುಗಗ ಲೆಕ್ಕ ಬರ್ತದ್ರೀ, ಈ ರೀಸನಿಂಗ್ ಒಂದೇ ತಲಿಗಿ ಹತ್ತವಲ್ದು' ಅಂತ ನನಗೆ ಫೋನ್ ಮಾಡುವವರು ಅವರೇ.

ರೀಸನಿಂಗ್, ಅಂದರೆ ತರ್ಕದ ಪ್ರಶ್ನೆ, ತಲೆಗೆ ಹತ್ತದೆ ಇರೋದಕ್ಕೆ ಕಾರಣ ಒಂದೇ. ಪ್ರಶ್ನೆ ಕೊಟ್ಟದ್ದು ಬಿಟ್ಟು, ನಮಗೆ ಗೊತ್ತಿರೋದನ್ನೆಲ್ಲ ಒಳಗೆ ತುರುಕ್ತೀವಿ. ಕೊಟ್ಟದ್ದಷ್ಟೇ ತಗೊಳ್ರಿ. ನಾನು ಹೇಳಬೇಕಾದ್ದು ಇಷ್ಟೇ.

ನನ್ನ ತರಗತಿಯಲ್ಲಿ ಒಮ್ಮೆ ಬೋರ್ಡಿನ ಮೇಲೆ ಎರಡು ಸಾಲು ಬರೆದೆ. ತೊಗರಿ ಬೆಳೆಯುವವರೆಲ್ಲ ರೈತರು. ಕೆಲವು ರೈತರು ಆಳಂದದವರು. ಹಾಗಾದರೆ ತೊಗರಿ ಬೆಳೆಯುವವರಲ್ಲಿ ಕೆಲವರು ಆಳಂದದವರು ಅನ್ನಬಹುದೇ? ನಾನು ಕೇಳಿ ಮುಗಿಸುವ ಮೊದಲೇ ನಡುವಿನ ಸಾಲಿನ ಹುಡುಗನೊಬ್ಬ ಎದ್ದ.

'ಅನ್ನಬಹುದ್ರೀ ಸರ. ನಮ್ಮಪ್ಪನೇ ಬೆಳೀತಾನ.'

ಹುಡುಗ ನಮ್ಮ ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನವನೇ. 'ನಿಮ್ಮಪ್ಪ ಈ ಪ್ರಶ್ನೆಯೊಳಗ ಎಲ್ಲಿ ಬಂದನೋ ತಮ್ಮಾ?' ಅಂದೆ.

'ಪ್ರಶ್ನೆಯೊಳಗ ಇಲ್ರೀ ಸರ, ಹೊಲದಾಗ ಅದಾನ್ರೀ.'

ಕ್ಲಾಸಿಗೆ ಕ್ಲಾಸೇ ನಕ್ಕಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, '2019ರಾಗ ನಮ್ಮ ತೊಗರಿ ಬ್ಯಾಳಿಗಿ ಜಿಐ ಟ್ಯಾಗ್ ಸುದ್ದಾ ಬಂದದ್ರೀ' ಅಂತ ಅವನ ಪರ ಸಾಕ್ಷಿ ಬೇರೆ ಹೇಳಿದಳು. ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಅನ್ನುವ ಸರಕಾರಿ ಗುರುತು, ಬಂದದ್ದು ನಿಜ. ಆದರೆ ಬೋರ್ಡಿನ ಮೇಲೆ ಅದೆಲ್ಲಿದೆ?

ಆ ಹುಡುಗನ ಕೈಗೇ ಚಾಕ್‌ಪೀಸ್ ಕೊಟ್ಟು, ಗುಂಪಿಗೊಂದು ವೃತ್ತ ತೆಗಿ ಅಂದೆ. ದೊಡ್ಡ ವೃತ್ತ ರೈತರದು, ಅದರ ಹೊಟ್ಟೆಯೊಳಗೆ ಸಣ್ಣ ವೃತ್ತ ತೊಗರಿಯವರದು. ಇಲ್ಲಿಯವರೆಗೆ ಸರಿ. ಮೂರನೆಯದು ಆಳಂದ. ಅದನ್ನು ಸೀದಾ ತೊಗರಿಯ ಮೇಲೆಯೇ ಎಳೆದ. 'ಈಗ ರೈತರಿಗೆ ತಾಗಬೇಕು, ತೊಗರಿಗೆ ತಾಗಬಾರದು, ಹಂಗ ಇನ್ನೊಂದು ತೆಗಿ' ಅಂದೆ. ಚಾಕ್‌ಪೀಸ್ ಹಿಡಿದುಕೊಂಡು ನಿಂತೇಬಿಟ್ಟ.

'ತೊಗರಿ ಇಲ್ಲದ ಆಳಂದ ಹೆಂಗ ತೆಗೀಲ್ರೀ ಸರ?'

ನಾನು ಹೆಸರುಗಳನ್ನು ಅಳಿಸಿದೆ. ತೊಗರಿಯವರು ಕ, ರೈತರು ಖ, ಆಳಂದದವರು ಗ. ಎಲ್ಲ ಕ-ಗಳೂ ಖ. ಕೆಲವು ಖ-ಗಳು ಗ. ಹಾಗಾದರೆ ಕೆಲವು ಕ-ಗಳು ಗ? ಅದೇ ಹುಡುಗ, ಕಣ್ಣು ಮಿಟುಕಿಸೋದರೊಳಗೆ, 'ಹೇಳ್ಲಾಕ ಬರಲ್ರೀ' ಅಂದ. ನೋಡ್ರಿ, ಬುದ್ಧಿ ಇತ್ತು. ಅಪ್ಪನ ಹೊಲ ಅಡ್ಡ ಬಂದಿತ್ತು.

ಪ್ರಶ್ನೆಯಲ್ಲಿ ಕೊಟ್ಟ ಸಾಲುಗಳಿಗೆ ಒಪ್ಪುವ ಚಿತ್ರ ಎರಡು ಥರ ಬರ್ತದೆ, ಒಂದರಲ್ಲಿ ತೀರ್ಮಾನ ನಿಲ್ತದೆ, ಇನ್ನೊಂದರಲ್ಲಿ ಬೀಳ್ತದೆ ಅಂದರೆ, ಆ ತೀರ್ಮಾನ ತಗೊಳ್ಳೋ ಹಾಗಿಲ್ಲ. ಮೊಬೈಲಿನಲ್ಲಿ ಟ್ರಿಕ್ ವಿಡಿಯೋ ನೋಡುವ ಹೊತ್ತಿಗೆ ಎರಡು ವೃತ್ತ ಎಳೆಯಬಾರದೇನ್ರಿ?

ತೊಗರಿಯಲ್ಲೇ ಹೊತ್ತು ಹೋಯಿತು, ಮಿಕ್ಕದ್ದು ಬೇಗ ಹೇಳ್ತೀನಿ. 'ಜಾತ್ರೆ ಇದ್ದರೆ ಶರಣಬಸವಪ್ಪನ ಗುಡಿ ರಸ್ತೆ ಬಂದ್.' ಇವತ್ತು ರಸ್ತೆ ಬಂದ್ ಇದೆ. ಜಾತ್ರೆ ಇದೆಯೇ? ಹೇಳಲು ಬರುವುದಿಲ್ಲ, ಪೈಪ್‌ಲೈನಿಗೆ ಅಗೆದಿರಬಹುದು. ರಸ್ತೆ ತೆರೆದೇ ಇದ್ದರೆ ಮಾತ್ರ ಜಾತ್ರೆ ಇಲ್ಲ ಅಂತ ಖಾತ್ರಿ. ಇಲ್ಲೂ ಅಷ್ಟೇ, ಕೊಟ್ಟದ್ದಷ್ಟೇ ತಗೊಳ್ರಿ.

ದುಂಡು ಮೇಜಿನ ಸುತ್ತ ಕೂರಿಸುವ ಪ್ರಶ್ನೆಯಲ್ಲಿ ಖಚಿತವಾದ ಸಾಲನ್ನು ಮೊದಲು ಹಿಡಿಯಿರಿ, 'ಪಕ್ಕದಲ್ಲಿಲ್ಲ' ಅನ್ನುವಂಥವು ಕೊನೆಗೆ. ಮಧ್ಯಕ್ಕೆ ಮುಖ ಮಾಡಿ ಕೂತವರ ಎಡಕ್ಕೆ ಹೋದರೆ ಗಡಿಯಾರದ ಮುಳ್ಳಿನ ದಿಕ್ಕು. ಕ್ಯಾಟ್‌ನಲ್ಲಿ ದತ್ತಾಂಶ, ತರ್ಕ ಎರಡೂ ಸೇರಿ 40 ನಿಮಿಷ. ಸರಿ ಉತ್ತರಕ್ಕೆ 3 ಅಂಕ, ಬಹುಆಯ್ಕೆಯ ಪ್ರಶ್ನೆ ತಪ್ಪಿದರೆ 1 ಕಡಿತ. ಬಿಡಿಸಲು ಬಾರದ ಪ್ರಶ್ನೆಗಳ ಗುಂಪಿಗೆ ಜೋತುಬೀಳಬೇಡಿ, ಮುಂದಿನದಕ್ಕೆ ಹೋಗಿ.

ಕೊನೆಗೊಂದು ಪ್ರಶ್ನೆ, ಪೆನ್ನು ತಗೊಳ್ರಿ. ಎಲ್ಲ ಬಿದ್ರಿ ಹೂಜಿಗಳೂ ಬಂಗಾರದವು. ಬಂಗಾರದ ಯಾವ ವಸ್ತುವೂ ಬೀದರಿನಲ್ಲಿ ಸಿಗುವುದಿಲ್ಲ. ಹಾಗಾದರೆ ಯಾವ ಬಿದ್ರಿ ಹೂಜಿಯೂ ಬೀದರಿನಲ್ಲಿ ಸಿಗುವುದಿಲ್ಲ. ತೀರ್ಮಾನ ಸರಿಯೇ? ಬೀದರಿನ ಕೇಳುಗರು ಸಿಟ್ಟಾಗಬೇಡಿ. ಬಿದ್ರಿ ಅಂದರೆ ಸತು-ತಾಮ್ರ, ಮೇಲೆ ಬೆಳ್ಳಿ ಕುಸುರಿ, ಕಪ್ಪು ಬಣ್ಣಕ್ಕೆ ಕೋಟೆಯ ಮಣ್ಣು ಅಂತ ನನಗೂ ಗೊತ್ತು. ಅದನ್ನು ಪಕ್ಕಕ್ಕಿಟ್ಟು ವೃತ್ತ ಎಳೆಯಿರಿ. ನಮಸ್ಕಾರ.