ಅಳೆಯದೆ ಬರೆದ 1500

ನಮಸ್ಕಾರ. ನರ್ಸಿಂಗ್ ಓದುತ್ತಿರುವವರ ಜೊತೆ ಇವತ್ತು ಸ್ವಲ್ಪ ಜಗಳ ಆಡೋದಿದೆ.

ನಮ್ಮ ದಾವಣಗೆರೆಯ ಯಾವ ನರ್ಸಿಂಗ್ ಹಾಸ್ಟೆಲ್‌ಗಾದರೂ ಹೋಗಿ, ನಿದ್ದೆಯಲ್ಲಿರುವವರನ್ನು ಎಬ್ಬಿಸಿ ಕೇಳಿ. ರಕ್ತದಲ್ಲಿ ಸೋಡಿಯಂ 135ರಿಂದ 145, ಪೊಟ್ಯಾಶಿಯಂ 3.5ರಿಂದ 5 ಅಂತ ತಡವರಿಸದೆ ಹೇಳುತ್ತಾರೆ. ಅದೇ ವಿದ್ಯಾರ್ಥಿಗೆ ವಾರ್ಡಿನಲ್ಲಿ, 'ನಿನ್ನ ಬೆಡ್ಡಿನ ಅಜ್ಜನಿಗೆ ಬೆಳಗ್ಗೆಯಿಂದ ಎಷ್ಟು ಮೂತ್ರ ಹೋಗಿದೆ?' ಅಂತ ಕೇಳಿ. ಪಕ್ಕದವರ ಮುಖ ನೋಡುತ್ತಾರೆ.

ನನ್ನ ತಕರಾರು ಇದೇ. ಫ್ಲೂಯಿಡ್, ಎಲೆಕ್ಟ್ರೋಲೈಟ್ (ಮೈಯ ನೀರು, ಅದರಲ್ಲಿನ ಲವಣಗಳು) ಅಂದರೆ ನಮ್ಮಲ್ಲಿ ಅಂಕಿಗಳ ಬಾಯಿಪಾಠ. ವಾರ್ಡಿನಲ್ಲಿ ಅದೇ ಪಾಠ ಇರುವುದು ಇನ್‌ಟೇಕ್ ಔಟ್‌ಪುಟ್ ಚಾರ್ಟಿನಲ್ಲಿ. ರೋಗಿಯ ಮೈಗೆ ಎಷ್ಟು ಹೋಯಿತು, ಎಷ್ಟು ಹೊರಬಂತು ಅಂತ ಬರೆಯುವ ಆ ಚಾರ್ಟನ್ನು ಎಷ್ಟೋ ಕಡೆ ಶಿಫ್ಟ್ ಮುಗಿಯುವಾಗ ಒಂದೇ ಪೆನ್ನಲ್ಲಿ, ಒಂದೇ ಉಸಿರಲ್ಲಿ ತುಂಬುತ್ತಾರೆ. ಸೋಮವಾರ ಮೂತ್ರ 1500 ಎಂಎಲ್, ಮಂಗಳವಾರ 1500, ಬುಧವಾರವೂ 1500. ಕಾರ್ಪೊರೇಷನ್ ನಲ್ಲಿಯಲ್ಲೂ ದಿನಾ ಅಷ್ಟೇ ನೀರು ಬರಲ್ಲ, ಅಲ್ವಾ?

'ಲ್ಯಾಬ್ ರಿಪೋರ್ಟ್ ಇದೆಯಲ್ಲ ಮೇಡಂ' ಅನ್ನುತ್ತಾರೆ. ಇದೆ. ಆದರೆ 70 ಕೆಜಿ ಗಂಡಸಿನ ಮೈಯಲ್ಲಿ ಸುಮಾರು 42 ಲೀಟರ್ ನೀರಿರುತ್ತದೆ. ಅದರಲ್ಲಿ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ, ಮೂರು ಲೀಟರಿನ ಆಸುಪಾಸು. ಲ್ಯಾಬಿಗೆ ಹೋಗುವುದು ಅದರಲ್ಲಿನ ಒಂದು ಚೂರು. ಪೊಟ್ಯಾಶಿಯಂ ಅಂತೂ ಶೇಕಡ 98ರಷ್ಟು ಜೀವಕೋಶಗಳ ಒಳಗೇ ಕೂತಿರುತ್ತದೆ. ರಿಪೋರ್ಟಿನಲ್ಲಿ ಕಾಣುವುದು ಹೊರಗೆ ಉಳಿದ ಎರಡು ಭಾಗದ ಲೆಕ್ಕ. ಅದೂ ಬೆಳಗ್ಗೆ ಆರಕ್ಕೆ ರಕ್ತ ತೆಗೆದಾಗಿನದು. ಮಧ್ಯಾಹ್ನ ಏನಾಯಿತು ಅನ್ನೋದು ಚಾರ್ಟಿಗೆ ಮಾತ್ರ ಗೊತ್ತು.

ಪೊಟ್ಯಾಶಿಯಂ ವಿಷಯ ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲಿ. ವಾಂತಿ ಭೇದಿಯ ರೋಗಿ, ಪೊಟ್ಯಾಶಿಯಂ 2.8. ಡಾಕ್ಟರ್ ಕೆಸಿಎಲ್ (ಪೊಟ್ಯಾಶಿಯಂ ಕ್ಲೋರೈಡ್) ಬರೆಯುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 10 ಎಂಎಲ್ ಆಂಪೂಲಿನಲ್ಲಿ 20 ಮಿಲಿ ಈಕ್ವಿವಲೆಂಟ್ ಇರುತ್ತದೆ. ಅದನ್ನು ಸಿರಿಂಜಿನಲ್ಲಿ ನೇರ ರಕ್ತನಾಳಕ್ಕೆ ಯಾವತ್ತೂ ಕೊಡಬಾರದು, ಹೃದಯ ನಿಂತುಹೋಗುತ್ತದೆ. ಡ್ರಿಪ್ಪಿಗೆ ಬೆರೆಸಿ, ಬಾಟಲಿ ತಲೆಕೆಳಗು ಮಾಡಿ ಚೆನ್ನಾಗಿ ಕಲಸಿ, ನಿಧಾನಕ್ಕೆ ಬಿಡಬೇಕು. ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್ ಮೇಲೆ ಹೋಗುವುದಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಮೂತ್ರ ಹೋಗುತ್ತಿದೆಯಾ? ಪೊಟ್ಯಾಶಿಯಂ ಮೈಯಿಂದ ಹೊರಗೆ ಹೋಗುವ ಮುಖ್ಯ ದಾರಿ ಕಿಡ್ನಿ. 60 ಕೆಜಿಯವರಿಗೆ ಗಂಟೆಗೆ ಕನಿಷ್ಠ 30 ಎಂಎಲ್ ಬರಬೇಕು. ಅದೂ ಬರದಿದ್ದರೆ ಕೊಟ್ಟ ಪೊಟ್ಯಾಶಿಯಂ ಒಳಗೇ ಸೇರುತ್ತಾ ಹೋಗುತ್ತದೆ. ರೌಂಡ್ಸಿಗೆ ಬಂದ ಡಾಕ್ಟರ್ ನೋಡುವುದು ನೀವು ಸುಮ್ನೆ ಬರೆದ ಆ 1500ನ್ನೇ. ನೋಡಿ, ಸರಿ ಕೊಡಿ ಅನ್ನುತ್ತಾರೆ.

ಅಳೆಯುವುದೂ ಒಂದು ಕೆಲಸ. ಯೂರೋಬ್ಯಾಗ್ (ಮೂತ್ರ ತುಂಬುವ ಚೀಲ) ಮೇಲಿನ ಗೆರೆಗಳನ್ನು ನಂಬಬೇಡಿ. ಬ್ಯಾಗ್ ಉಬ್ಬುತ್ತದೆ, ವಾಲುತ್ತದೆ. ಅಳತೆಯ ಜಗ್ಗಿಗೆ ಬಗ್ಗಿಸಿ, ಸಮತಟ್ಟಾದ ಜಾಗದಲ್ಲಿಟ್ಟು, ಬಗ್ಗಿ ಕಣ್ಣಿನ ಮಟ್ಟಕ್ಕೆ ನೋಡಿ. ಬಾಯಿಂದ ಹೋಗುವುದನ್ನೂ ಕೇಳಿ ಬರೆಯಿರಿ. ಆಸ್ಪತ್ರೆ ಗೇಟಿನ ಎದುರಿಗೇ ಎಳನೀರಿನ ಗಾಡಿ. 'ತಂಪು ಅಂತ ಎರಡು ಕುಡಿಸಿದ್ವಿ' ಅಂತಾರೆ ಮನೆಯವರು. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಶಿಯಂ ಜಾಸ್ತಿ. ಕಿಡ್ನಿ ಸೋತ ರೋಗಿಗೆ ಅದು ತಂಪಲ್ಲ, ಅಪಾಯ. ಚಾರ್ಟಿನಲ್ಲಿ ಮಾತ್ರ ಎನ್ಎಸ್ (ಸಲೈನ್ ಡ್ರಿಪ್) 500 ಅಂತ ಒಂದೇ ಸಾಲು.

ಇನ್ನು 'ಒಂದು ಬಾಟ್ಲಿ ಗ್ಲೂಕೋಸ್ ಏರಿಸಿ, ಶಕ್ತಿ ಬರಲಿ' ಅನ್ನುವವರು. ಆ ಬಾಟ್ಲಿ, ಅಂದರೆ 500 ಎಂಎಲ್ ಐದು ಪರ್ಸೆಂಟ್ ಡೆಕ್ಸ್‌ಟ್ರೋಸ್‌ನಲ್ಲಿ 25 ಗ್ರಾಂ ಸಕ್ಕರೆ, ನೂರು ಕ್ಯಾಲರಿಯ ಒಳಗೆ ಹೊರಗೆ. ನಮ್ಮೂರಿನ ಬೆಣ್ಣೆ ದೋಸೆ ಒಂದರಲ್ಲೇ ಅದಕ್ಕಿಂತ ಜಾಸ್ತಿ ಸಿಗುತ್ತದೆ.

ಪಕ್ಕದ ಚಿತ್ರದುರ್ಗದಲ್ಲಿ 2023ರ ಆಗಸ್ಟ್‌ನಲ್ಲಿ ಕವಾಡಿಗರಹಟ್ಟಿಯ ಜನ ಕಲುಷಿತ ನೀರು ಕುಡಿದು ಆಸ್ಪತ್ರೆ ಸೇರಿದರು, ಕೆಲವರು ತೀರಿಕೊಂಡರು. ಅಂಥ ಹೊತ್ತಲ್ಲಿ ಡ್ರಿಪ್ ಸ್ಟ್ಯಾಂಡ್ ಎಷ್ಟಿದ್ದರೂ ಸಾಲಲ್ಲ, ಓಆರ್‌ಎಸ್ ಬೇಕು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅದನ್ನೇ ಮಾಡಿದರು. ಉಪ್ಪು, ಸಕ್ಕರೆಯ ನೀರನ್ನು ರೋಗಿಯ ಮನೆಯವರ ಕೈಗೇ ಕೊಟ್ಟರು. ಕಾಲರಾ ಸಾವು ಶೇಕಡ 30ರ ಆಸುಪಾಸಿನಿಂದ 3.6ಕ್ಕೆ ಇಳಿಯಿತು. ಕರುಳಿನಲ್ಲಿ ಸೋಡಿಯಂ, ಗ್ಲೂಕೋಸ್ ಎರಡೂ ಜೊತೆಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ. ಆದರೆ ಇಲ್ಲೂ ಅಳತೆಯೇ. ಒಂದು ಲೀಟರಿನ ಪ್ಯಾಕೆಟನ್ನು ಒಂದು ಲೋಟಕ್ಕೆ ಸುರಿದು ಮಗುವಿಗೆ ಕುಡಿಸಿದರೆ ಸೋಡಿಯಂ ಏರಿ ಹೊಸ ತೊಂದರೆ. ಇದನ್ನು ಆ ತಾಯಿಗೆ ಲೋಟ, ಚೊಂಬು ಹಿಡಿದು ತೋರಿಸಬೇಕಾದವರು ನೀವೇ.

ಹಾಗಾಗಿ ಎಕ್ಸಾಮಿನರ್‌ಗಳಿಗೂ ಒಂದು ಮಾತು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನಾರ್ಮಲ್ ವ್ಯಾಲ್ಯೂ ಕೇಳಿದ್ದು ಸಾಕು, ನಿಲ್ಲಿಸಿ. ಒಬ್ಬ ರೋಗಿಯ 24 ಗಂಟೆಯ ಚಾರ್ಟ್ ಮುಂದಿಟ್ಟು, ಇದರಲ್ಲಿ ಯಾವುದು ಸುಳ್ಳು ಅಂತ ಕೇಳಿ. ವಿದ್ಯಾರ್ಥಿಗಳೇ, ನಾಳೆ ಪೋಸ್ಟಿಂಗಿಗೆ ಹೋದ ಕೂಡಲೇ ಅಳತೆಯ ಜಗ್ ಎಲ್ಲಿದೆ ಅಂತ ಸಿಸ್ಟರ್‌ನ ಕೇಳಿ. ಇಲ್ಲ ಅಂದರೆ ಇಂಡೆಂಟ್ (ಬೇಡಿಕೆ ಚೀಟಿ) ಹಾಕಿಸಿ.