ಗಡಿಯಾಚೆಯ ಬಾಕಿ

ಕೇಳುಗರಿಗೆ ನಮಸ್ಕಾರ.

ಇಟಲಿಯ ಉದಿನೆ ಸುತ್ತಮುತ್ತ ಕುರ್ಚಿ ಮಾಡುವುದಕ್ಕೇ ಹೆಸರಾದ ಊರುಗಳಿವೆ. ಅಲ್ಲಿನ ಒಬ್ಬ ಬಡಗಿ ಬರ್ಲಿನ್ನಿನ ಒಂದು ಕಾಫಿ ಅಂಗಡಿಗೆ 60 ಕುರ್ಚಿ ಕಳಿಸಿದ ಅಂತ ಇಟ್ಟುಕೊಳ್ಳಿ. ಬಿಲ್ಲು 8,000 ಯೂರೋ. ಅಂಗಡಿಯವನು ಕುರ್ಚಿ ಸರಿಯಿಲ್ಲ ಅನ್ನುವುದಿಲ್ಲ, ದುಡ್ಡು ಕೊಡಲ್ಲ ಅಂತಲೂ ಅನ್ನುವುದಿಲ್ಲ. ಕೇಳಿದಾಗಲೆಲ್ಲ 'ಮುಂದಿನ ವಾರ'. ಈ ಮುಂದಿನ ವಾರ ನಮಗೂ ಚೆನ್ನಾಗಿ ಗೊತ್ತು, ಅಲ್ವಾ?

ಇಂಥ ಬಾಕಿಗಾಗಿಯೇ ಯುರೋಪಿಯನ್ ಒಕ್ಕೂಟದಲ್ಲಿ 'ಯುರೋಪಿಯನ್ ಪಾವತಿ ಆದೇಶ' ಅಂತ ಒಂದು ಏರ್ಪಾಡಿದೆ. 2008ರ ಡಿಸೆಂಬರ್ 12ರಿಂದ ಜಾರಿಯಲ್ಲಿದೆ. ಡೆನ್ಮಾರ್ಕ್ ಒಂದನ್ನು ಬಿಟ್ಟು ಒಕ್ಕೂಟದ ಎಲ್ಲ ದೇಶಗಳಲ್ಲೂ ನಡೆಯುತ್ತದೆ.

ಜರ್ಮನಿಯಲ್ಲಿ ವ್ಯಾಪಾರದ ಬಾಕಿಗೆ ಈ ಅರ್ಜಿ ಹೋಗುವುದು ಒಂದೇ ಕೋರ್ಟಿಗೆ. ಬರ್ಲಿನ್ನಿನ ವೆಡ್ಡಿಂಗ್ ಕೋರ್ಟು. ಮದುವೆಗೂ ಇದಕ್ಕೂ ಸಂಬಂಧ ಇಲ್ಲ, ಆ ಬಡಾವಣೆಯ ಹೆಸರೇ ಹಾಗೆ! ನಮ್ಮ ಬಡಗಿ 'ಎ' ನಮೂನೆ ತುಂಬಬೇಕು. ಯಾರಿಂದ ಬರಬೇಕು, ಎಷ್ಟು, ಯಾತರ ಬಾಬ್ತು, ಬಡ್ಡಿ ಎಷ್ಟು. ಬಹಳಷ್ಟು ಚೌಕಗಳಲ್ಲಿ ಸಂಕೇತದ ಅಂಕಿ ಬರೆದರೆ ಆಯಿತು. ಯಾವ ಸಾಕ್ಷಿ ಇದೆ ಅಂತ ಹೇಳಿದರೆ ಸಾಕು, ಬಿಲ್ಲನ್ನು ಲಗತ್ತಿಸಬೇಕಿಲ್ಲ. ವಕೀಲರೂ ಕಡ್ಡಾಯ ಅಲ್ಲ. ಕೋರ್ಟ್ ಫೀ ಮಾತ್ರ ಕಟ್ಟಬೇಕು.

ಅರ್ಜಿ ಸರಿಯಿದ್ದರೆ ಸಾಮಾನ್ಯವಾಗಿ 30 ದಿನದೊಳಗೆ ಆದೇಶ ಹೊರಡುತ್ತದೆ. ಅದು ಕೈಸೇರಿದ ಮೇಲೆ ಅಂಗಡಿಯವನಿಗೂ 30 ದಿನ ವಾಯಿದೆ. ಅವನು ಸುಮ್ನೆ ಕೂತರೆ ಆದೇಶ ಗಟ್ಟಿಯಾಯಿತು. ಅವನ ಬ್ಯಾಂಕ್ ಖಾತೆ ಫ್ರಾನ್ಸಿನಲ್ಲಿದ್ದರೂ ಸರಿ, ಅಲ್ಲಿನ ಅಮೀನರ ಮೂಲಕ ಜಪ್ತಿ ಮಾಡಿಸಬಹುದು. ಅಲ್ಲಿ ಹೊಸದಾಗಿ ದಾವೆ ಹೂಡಬೇಕಿಲ್ಲ.

ಆದರೆ ಆದೇಶದ ಜೊತೆಗೇ 'ಎಫ್' ನಮೂನೆಯೂ ಅಂಗಡಿಯವನ ಕೈಗೆ ಹೋಗುತ್ತದೆ. 'ನನ್ನದು ತಕರಾರಿದೆ' ಅಂತ ಅದಕ್ಕೆ ಸಹಿ ಹಾಕಿ ಕಳಿಸಿದರೆ ಮುಗಿಯಿತು, ಆದೇಶ ಬಿದ್ದುಹೋಗುತ್ತದೆ. ಕಾರಣ ಕೂಡ ಬರೆಯಬೇಕಿಲ್ಲ! ತಕರಾರು ಬಂದರೆ ಕೇಸು ಮುಂದುವರಿಸುವುದು ಬೇಡ ಅಂತ ಬಡಗಿ ಮೊದಲೇ ತಿಳಿಸಿರದಿದ್ದರೆ, ಮುಂದೆ ಮಾಮೂಲಿ ಕೇಸು. ಹಾಗಾಗಿ ಇದು ಸೋಮಾರಿ ಸಾಲಗಾರನಿಗೆ ಮದ್ದೇ ಹೊರತು ಜಗಳಗಂಟ ಸಾಲಗಾರನಿಗಲ್ಲ ಅಂತ ನನಗನಿಸುತ್ತದೆ. ಬಾಕಿ 5,000 ಯೂರೋ ದಾಟದೆ, ತಕರಾರು ಬಂದೇ ಬರುತ್ತದೆ ಅನಿಸಿದರೆ ಸಣ್ಣ ಮೊತ್ತದ ದಾವೆಗೇ ಬೇರೆ ದಾರಿ ಇದೆ. ಅಲ್ಲಿ ಜಾಸ್ತಿ ಕೆಲಸ ಕಾಗದಪತ್ರದಲ್ಲೇ ನಡೆಯುತ್ತದೆ.

ಬೆಂಗಳೂರಲ್ಲಿ ಕೂತು ಜರ್ಮನ್ ಕಂಪನಿಗೆ ಕೆಲಸ ಮಾಡಿಕೊಟ್ಟು ಹಣಕ್ಕೆ ಕಾಯುತ್ತಿರುವವರೂ ಈ ಮಾತು ಕೇಳುತ್ತಿರಬಹುದು. ಜರ್ಮನ್ ಕೋರ್ಟಿನಲ್ಲಿ ಅವರಿಗೆ ಈ ಯುರೋಪಿಯನ್ ಆದೇಶ ಸಿಗುವುದಿಲ್ಲ. ಇಬ್ಬರಲ್ಲಿ ಒಬ್ಬರಾದರೂ, ಕೋರ್ಟಿರುವ ದೇಶ ಬಿಟ್ಟು, ಒಕ್ಕೂಟದ ಇನ್ನೊಂದು ದೇಶದಲ್ಲಿ ನೆಲೆಸಿದವರಾಗಿರಬೇಕು ಅನ್ನುವುದು ನಿಯಮ. ಆದರೆ ಜರ್ಮನಿಯದೇ ಹಳೆಯ ಪಾವತಿ ನೋಟಿಸಿನ ಪದ್ಧತಿ ಇದೆ. ಮೊತ್ತ ಯೂರೋದಲ್ಲಿರಬೇಕು. ಸಾಲಗಾರನಿಗೆ ಕೊಡುವ ವಾಯಿದೆ ಎರಡೇ ವಾರ. ಜರ್ಮನಿಯಲ್ಲಿ ನೆಲೆಯಿಲ್ಲದವರು ಅದಕ್ಕೆ ಅರ್ಜಿ ಹಾಕಬೇಕಾದ್ದೂ ಅದೇ ವೆಡ್ಡಿಂಗ್ ಕೋರ್ಟಿಗೇ.