ಮಿನೋಟಾರ್‌ಗೂ ಒಬ್ಬ ಅಮ್ಮ ಇದ್ದಳು: ಗ್ರೀಕ್ ಮಾನ್‌ಸ್ಟರ್‌ಗಳು ಇನ್ನೂ ಯಾಕೆ ಕಾಡುತ್ತವೆ?

[ತೆರೆಯ ಮೇಲೆ: ಮಣ್ಣಿನ ಬಟ್ಟಲು. ಒಳಗಿನ ಚಿತ್ರ ನಿಧಾನವಾಗಿ ಹತ್ತಿರ ಬರುತ್ತದೆ.]

ನಮಸ್ಕಾರ. ಈ ಬಟ್ಟಲನ್ನು ಒಮ್ಮೆ ಸರಿಯಾಗಿ ನೋಡಿ. ಒಬ್ಬ ಹೆಂಗಸು ಕೂತಿದ್ದಾಳೆ. ತೊಡೆ ಮೇಲೆ ಮಗು. ಪುಟ್ಟ ಕೈ, ಪುಟ್ಟ ಕಾಲು, ಎಲ್ಲ ನಮ್ಮ ಮನೆ ಮಗುವಿನ ಹಾಗೇ ಇದೆ. ತಲೆ ಮಾತ್ರ ಕರುವಿನದು.

ಇವನೇ ಮಿನೋಟಾರ್. ದಾರಿ ತಪ್ಪಿಸುವ ಲ್ಯಾಬಿರಿಂತ್‌ನ ಒಳಗಿದ್ದು ಮನುಷ್ಯರನ್ನು ತಿನ್ನುತ್ತಿದ್ದ, ಗೂಳಿ ತಲೆಯ ಅದೇ ಮಿನೋಟಾರ್. ಈ ಬಟ್ಟಲು ಸಿಕ್ಕಿದ್ದು ಇಟಲಿಯ ವುಲ್ಚಿಯಲ್ಲಿ. ಮಾಡಿದ್ದು ಕ್ರಿ.ಪೂ. 4ನೇ ಶತಮಾನದಲ್ಲಿ, ಗ್ರೀಕರ ಕಥೆಗಳನ್ನು ತಮ್ಮದೇ ಮಾಡಿಕೊಂಡಿದ್ದ ಎಟ್ರುಸ್ಕನ್ ಜನ. ಈಗ ಅದು ಪ್ಯಾರಿಸ್‌ನಲ್ಲಿ, ಫ್ರಾನ್ಸ್‌ನ ರಾಷ್ಟ್ರೀಯ ಗ್ರಂಥಾಲಯದ ಸಂಗ್ರಹದಲ್ಲಿದೆ. ಈ ಚಿತ್ರ ಮೊದಲ ಸಲ ನೋಡಿದಾಗ ನನಗೆ ಹೆದರಿಕೆ ಆಗಲಿಲ್ಲ. ಆ ತಾಯಿಗೆ ಹೇಗನ್ನಿಸಿರಬೇಕು ಅಂತ ಯೋಚನೆ ಬಂತು.

ಒಂದು ಮಾತು. ಈ ವಿಡಿಯೋದಲ್ಲಿ ಇವರನ್ನು ರಾಕ್ಷಸರು ಅಂತ ಕರೆಯುವುದಿಲ್ಲ. ರಾಕ್ಷಸ ಅಂದ ಕೂಡಲೇ ನಮಗೆ ಕುಲ, ರಾಜ್ಯ, ತಪಸ್ಸು, ವರ ಎಲ್ಲ ನೆನಪಾಗುತ್ತದೆ. ಗ್ರೀಕ್ ಕಥೆಗಳ ಇಂಥವರು ಬಹುಪಾಲು ಒಂಟಿ. ಅದಕ್ಕೇ ಮಾನ್‌ಸ್ಟರ್ ಅಂತಲೇ ಇಟ್ಟುಕೊಳ್ಳೋಣ.

ಮಿನೋಟಾರ್ ಹುಟ್ಟಿದ್ದು ಹೇಗೆ? ಗ್ರೀಸ್‌ನ ಕ್ರೀಟ್ ದ್ವೀಪದ ರಾಜ ಮಿನೋಸ್. ಸಮುದ್ರದ ದೇವರು ಪೊಸೈಡನ್ ಅವನಿಗೆ ಒಂದು ಚೆಂದದ ಗೂಳಿ ಕಳಿಸಿದ, ನನಗೇ ಬಲಿ ಕೊಡಬೇಕು ಅನ್ನುವ ಮಾತಿನ ಮೇಲೆ. ಮಿನೋಸ್‌ಗೆ ಆಸೆ ಆಯಿತು. ಆ ಗೂಳಿ ಇಟ್ಟುಕೊಂಡು ಬೇರೆಯದನ್ನು ಕೊಟ್ಟ. ಪೊಸೈಡನ್ ಸಿಟ್ಟಿಗೆ ರಾಣಿ ಪಾಸಿಫೇ ಅದೇ ಗೂಳಿಯನ್ನು ಮೋಹಿಸಿದಳು. ಹುಟ್ಟಿದ್ದು ಈ ಮಗು. ಮಾತಿಗೆ ತಪ್ಪಿದ್ದು ರಾಜ, ಕತ್ತಲೆಗೆ ಹೋಗಿದ್ದು ಮಗು.

'ಮಿನೋಟಾರ್' ಅನ್ನುವುದು ಅವನ ಹೆಸರೂ ಅಲ್ಲ. 'ಮಿನೋಸ್‌ನ ಗೂಳಿ' ಅಂತ ಅದರ ಅರ್ಥ, ಅಷ್ಟೇ. ಹಳೆಯ ಗ್ರೀಕ್ ಬರಹಗಳಲ್ಲಿ ಅವನಿಗೆ ಆಸ್ಟೀರಿಯಸ್ ಅಂತ ನಿಜವಾದ ಹೆಸರಿದೆ. ನಕ್ಷತ್ರಕ್ಕೆ ಸಂಬಂಧಪಟ್ಟ ಪದ ಅದು. ಮಿನೋಸ್‌ನನ್ನು ಸಾಕಿ ಬೆಳೆಸಿದ ಹಿಂದಿನ ರಾಜನ ಹೆಸರೂ ಆಸ್ಟೀರಿಯಸ್. ಅಂದರೆ ಆ ಮನೆಯವರು ಈ ಕೂಸಿಗೆ ಅಜ್ಜನ ಹೆಸರು ಇಟ್ಟಿದ್ದರು. ಅಜ್ಜನ ಹೆಸರು ಯಾವ ಮಗುವಿಗೆ ಇಡುತ್ತಾರೆ ಅಂತ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಸಾವಿರಾರು ವರ್ಷಗಳಾದರೂ ಈ ಮಾನ್‌ಸ್ಟರ್‌ಗಳು ಸಾಯದೇ ಉಳಿದಿದ್ದಕ್ಕೆ ನನಗೆ ಕಾಣುವ ಕಾರಣ ಇದೇ. ಕಥೆ ಹೇಳಿದವರು ಅವುಗಳನ್ನು ಕೊಲ್ಲಿಸಿದರು ನಿಜ. ಆದರೆ ಅವುಗಳ ಅಮ್ಮನನ್ನೋ, ಹೆಸರನ್ನೋ, ಅಳುವನ್ನೋ ಕಥೆಯೊಳಗೇ ಬಿಟ್ಟುಹೋದರು.

[ತೆರೆಯ ಮೇಲೆ: ಗುಹೆ, ಕುರಿಗಳು]

ಒಕ್ಕಣ್ಣಿನ ಪಾಲಿಫೀಮಸ್‌ನನ್ನು ತೆಗೆದುಕೊಳ್ಳಿ. ಗ್ರೀಕ್ ಕವಿ ಹೋಮರ್‌ನ 'ಒಡಿಸ್ಸಿ' ಮಹಾಕಾವ್ಯದ 9ನೇ ಭಾಗದಲ್ಲಿ ಬರುತ್ತಾನೆ. ಗುಹೆಯೊಳಗೆ ಬಂದ ಕಾವ್ಯದ ನಾಯಕ ಒಡಿಸ್ಯೂಸ್‌ನ ಜೊತೆಗಾರರಲ್ಲಿ ಆರು ಜನರನ್ನು ತಿಂದುಹಾಕಿದ. ಭಯಂಕರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವನೇ ದಿನಾ ಕುರಿಗಳ ಹಾಲು ಕರೆದು, ಪ್ರತಿ ಮರಿಯನ್ನೂ ಅದರದರ ತಾಯಿ ಹತ್ತಿರ ಬಿಡುತ್ತಾನೆ. ಒಡಿಸ್ಯೂಸ್ ಅವನಿಗೆ ವೈನ್ ಕುಡಿಸಿ, ಕಾದ ಗೂಟ ಚುಚ್ಚಿ ಕಣ್ಣು ಕಳೆಯುತ್ತಾನೆ. ಬೆಳಗಾದ ಮೇಲೆ ಉಳಿದವರು ಕುರಿಗಳ ಹೊಟ್ಟೆಯ ಕೆಳಗೆ ಅಡಗಿ ತಪ್ಪಿಸಿಕೊಳ್ಳುತ್ತಾರೆ. ಒಡಿಸ್ಯೂಸ್ ಎಲ್ಲಕ್ಕಿಂತ ದೊಡ್ಡ ಟಗರಿನ ಉಣ್ಣೆ ಹಿಡಿದು ಕೆಳಗೆ ನೇತಾಡುತ್ತಿದ್ದಾನೆ.

ಭಾರಕ್ಕೆ ಆ ಟಗರು ಕೊನೆಗೆ ಬರುತ್ತದೆ. ಕುರುಡ ಪಾಲಿಫೀಮಸ್ ಅದರ ಬೆನ್ನು ಸವರುತ್ತಾನೆ. ಮಾತಾಡಿಸುತ್ತಾನೆ. ಯಾಕಪ್ಪಾ ಇವತ್ತು ಹಿಂದೆ ಬಿದ್ದೆ? ದಿನಾ ಹುಲ್ಲಿಗೂ ನೀನೇ ಮೊದಲು, ಹೊಳೆಗೂ ನೀನೇ ಮೊದಲು, ಸಂಜೆ ಮನೆಗೆ ಬರುವಾಗಲೂ ನೀನೇ ಮೊದಲು. ನಿನ್ನ ಒಡೆಯನ ಕಣ್ಣು ಹೋಯಿತು ಅಂತ ದುಃಖ ಪಡುತ್ತಿದ್ದೀಯಾ?

ಕುರಿ ಸಾಕಿದ ಯಾರಿಗಾದರೂ ಈ ಮಾತು ಗೊತ್ತು. ಹೋಮರ್‌ಗೆ ಈ ಸಾಲುಗಳ ಅಗತ್ಯ ಇರಲಿಲ್ಲ. ಕಥೆ ಅವಿಲ್ಲದೆಯೂ ನಡೆಯುತ್ತಿತ್ತು. ಬರೆದ, ನಾವು ಸಿಕ್ಕಿಹಾಕಿಕೊಂಡೆವು.

ಒಕ್ಕಣ್ಣಿನ ಕಲ್ಪನೆ ಎಲ್ಲಿಂದ ಬಂತು ಅಂತ ಒಂದು ಊಹೆ ಇದೆ. ಸಿಸಿಲಿಯಲ್ಲಿ ಹಿಂದೆ ಕುಳ್ಳ ಆನೆಗಳಿದ್ದವು. ಅವುಗಳ ತಲೆಬುರುಡೆಯಲ್ಲಿ ಸೊಂಡಿಲಿನ ಜಾಗಕ್ಕೆ ನಡುವೆ ಒಂದು ದೊಡ್ಡ ತೂತು ಇರುತ್ತದೆ. ಅದನ್ನೇ ಕಣ್ಣು ಅಂದುಕೊಂಡಿರಬಹುದು ಎಂದು 1914ರಲ್ಲಿ ಓಥೇನಿಯೊ ಆಬೆಲ್ ಎಂಬ ವಿಜ್ಞಾನಿ ಹೇಳಿದರು. ಇರಬಹುದು. ಆದರೆ ಆ ತೂತಿನಿಂದ ಕಣ್ಣು ಬರಬಹುದೇ ಹೊರತು, ಟಗರಿನ ಜೊತೆಗಿನ ಮಾತು ಬರುವುದಿಲ್ಲ.

[ತೆರೆಯ ಮೇಲೆ: ಕೋರ್ಫು ದೇವಾಲಯದ ಗಾರ್ಗನ್ ಶಿಲ್ಪ]

ಈಗ ಮೆಡೂಸಾ. ಇವಳ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು.

ಗಾರ್ಗನ್‌ಗಳು ಅಂದರೆ ನೋಡಿದವರನ್ನು ಕಲ್ಲಾಗಿಸುವ ಮೂರು ಜನ ಅಕ್ಕತಂಗಿಯರು: ಸ್ಥೇನೋ, ಯೂರಿಯಾಲೆ, ಮೆಡೂಸಾ. ಮೊದಲಿಬ್ಬರಿಗೆ ಸಾವಿಲ್ಲ. ಮೆಡೂಸಾಗೆ ಮಾತ್ರ ಇದೆ. ಹಳೆಯ ಗ್ರೀಕ್ ಶಿಲ್ಪಗಳಲ್ಲಿ ಅವಳದು ಅಗಲ ಮುಖ, ಕೋರೆಹಲ್ಲು, ಹೊರಚಾಚಿದ ನಾಲಿಗೆ. ಕೋರ್ಫು ದ್ವೀಪದಲ್ಲಿ ಸುಮಾರು ಕ್ರಿ.ಪೂ. 580ರಲ್ಲಿ ಕಟ್ಟಿದ ಆರ್ಟೆಮಿಸ್ ದೇವಾಲಯದ ಮುಂಭಾಗದಲ್ಲಿ ಹೀಗೇ ಇದ್ದಳು, ಸುಮಾರು 3 ಮೀಟರ್ ಎತ್ತರ. ದೇವಾಲಯದ ಮೇಲೆ ಮಾನ್‌ಸ್ಟರ್ ಯಾಕೆ? ದೃಷ್ಟಿಬೊಂಬೆ ಯಾಕೆ ಕಟ್ಟುತ್ತೇವೋ ಅದಕ್ಕೇ. ಸೈನಿಕರ ಗುರಾಣಿ ಮೇಲೂ ಆ ಮುಖ ಇರುತ್ತಿತ್ತು. ಹೆದರಿಸುವವಳೇ ಕಾಯುವವಳು.

ಪರ್ಸಿಯೂಸ್ ಎಂಬ ವೀರ ಅವಳ ತಲೆ ಕತ್ತರಿಸಿದ. ಇಷ್ಟು ಎಲ್ಲರಿಗೂ ಗೊತ್ತು. ಆಮೇಲೆ ಏನಾಯಿತು ಅಂತ ಪಿಂಡಾರ್ ಎಂಬ ಕವಿ ಹಾಡಿದ್ದಾನೆ. ಕ್ರಿ.ಪೂ. 490ರಲ್ಲಿ ಡೆಲ್ಫಿಯ ಸ್ಪರ್ಧೆಯಲ್ಲಿ ಮಿಡಾಸ್ ಎಂಬ ವಾದಕ ಗೆದ್ದ. ಅವನು ಊದುತ್ತಿದ್ದುದು ಆಲೋಸ್, ಜೋಡಿ ಕೊಳವೆಯ ವಾದ್ಯ. ಅವನಿಗಾಗಿ ಪಿಂಡಾರ್ ಬರೆದ ಹಾಡು ಹೀಗೆ ಹೇಳುತ್ತದೆ: ತಂಗಿ ಸತ್ತಾಗ ಗಾರ್ಗನ್‌ಗಳು ಅತ್ತರು. ಯೂರಿಯಾಲೆಯ ಆ ಗೋಳನ್ನು ಅಥೀನಾ ದೇವಿ ಕೇಳಿಸಿಕೊಂಡಳು. ಅದನ್ನೇ ಹಾಗೇ ನುಡಿಸಬೇಕು ಅಂತ ಈ ವಾದ್ಯ ಮಾಡಿದಳು. ಆ ಧಾಟಿಗೆ 'ಹಲವು ತಲೆಗಳ ರಾಗ' ಅಂತ ಹೆಸರಿಟ್ಟು ಮನುಷ್ಯರಿಗೆ ಕೊಟ್ಟಳು.

ಸ್ವಲ್ಪ ಯೋಚಿಸಿ. ಸ್ಪರ್ಧೆಯಲ್ಲಿ ಬಹುಮಾನ ಗೆದ್ದುಕೊಡುವ ಸಂಗೀತದ ಮೂಲ, ಒಬ್ಬ ಅಕ್ಕ ತಂಗಿಗಾಗಿ ಅತ್ತ ಅಳು. ನನಗೆ ಇಡೀ ಗ್ರೀಕ್ ಪುರಾಣದಲ್ಲಿ ಇದಕ್ಕಿಂತ ಹೆಚ್ಚು ಮನಸ್ಸಿಗೆ ನಾಟಿದ ಜಾಗ ಇನ್ನೊಂದಿಲ್ಲ.

ಮುಂದೆ ಸುಮಾರು ಕ್ರಿ.ಶ. 8ರಲ್ಲಿ ರೋಮನ್ ಕವಿ ಓವಿಡ್ ಕಥೆಯನ್ನೇ ತಿರುಗಿಸಿದ. ಅವನ ಮೆಡೂಸಾ ಚೆಲುವೆ. ಸಮುದ್ರದ ದೇವರು ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ, ಅದೂ ದೇವಿಯ ಗುಡಿಯೊಳಗೆ. ಶಿಕ್ಷೆ ಆಗುವುದು ಅವಳಿಗೆ. ಕೂದಲು ಹಾವಾಗುತ್ತದೆ. ಇವತ್ತು ಜಗತ್ತಿನ ಎಷ್ಟೋ ಹೆಂಗಸರು ಮೆಡೂಸಾಳನ್ನು ತಮ್ಮವಳು ಅಂದುಕೊಳ್ಳಲು ಈ ಕೆಲವೇ ಸಾಲುಗಳು ಕಾರಣ. ಶಿಲ್ಪಿ ಲುಚಿಯಾನೊ ಗರ್ಬಾಟಿ 2008ರಲ್ಲಿ ಒಂದು ಶಿಲ್ಪ ಮಾಡಿದರು. ಅದರಲ್ಲಿ ಮೆಡೂಸಾ ನಿಂತಿದ್ದಾಳೆ, ಕೈಯಲ್ಲಿ ಪರ್ಸಿಯೂಸ್‌ನ ತಲೆ. 2020ರಲ್ಲಿ ಅದನ್ನು ನ್ಯೂಯಾರ್ಕ್‌ನ ಕ್ರಿಮಿನಲ್ ಕೋರ್ಟ್ ಎದುರಿನ ಪಾರ್ಕಿನಲ್ಲಿ ನಿಲ್ಲಿಸಿದರು. ತಪ್ಪು ಮಾಡಿದ್ದು ಪೊಸೈಡನ್, ಪರ್ಸಿಯೂಸ್‌ನ ತಲೆ ಯಾಕೆ ಅಂತ ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆ. 2,500 ವರ್ಷಕ್ಕೂ ಹಳೆಯ ಕಥೆಯ ಬಗ್ಗೆ ಬೀದಿಯಲ್ಲಿ ನಿಂತು ನ್ಯಾಯ ಕೇಳುತ್ತಾರೆ ಅಂದರೆ, ಆ ಕಥೆಗೆ ಇನ್ನೂ ಜೀವ ಇದೆ.

[ತೆರೆಯ ಮೇಲೆ: ಎಲ್ಯೂಸಿಸ್‌ನ ದೊಡ್ಡ ಜಾಡಿ]

ಕೊನೆಗೆ ಇನ್ನೊಂದೇ ಒಂದು ವಸ್ತು ತೋರಿಸುತ್ತೇನೆ. ಅಥೆನ್ಸ್ ಹತ್ತಿರದ ಎಲ್ಯೂಸಿಸ್‌ನಲ್ಲಿ 1954ರಲ್ಲಿ ಸಿಕ್ಕ ಜಾಡಿ ಇದು. ಎತ್ತರ 1.42 ಮೀಟರ್. ಕ್ರಿ.ಪೂ. 7ನೇ ಶತಮಾನದ್ದು. ಕತ್ತಿನ ಮೇಲೆ ಪಾಲಿಫೀಮಸ್ ಇದ್ದಾನೆ. ಕೈಯಲ್ಲಿ ವೈನ್ ಬಟ್ಟಲು ಹಾಗೇ ಇದೆ, ಕಣ್ಣಿಗೆ ಗೂಟ ಇಳಿಯುತ್ತಿದೆ. ಹೊಟ್ಟೆ ಭಾಗದಲ್ಲಿ ಇಬ್ಬರು ಗಾರ್ಗನ್‌ಗಳು ಓಡುತ್ತಿದ್ದಾರೆ. ಮುಖ ಹಂಡೆಯ ಹಾಗೆ, ಸುತ್ತ ಹಾವುಗಳು. ತಂಗಿಯನ್ನು ಕೊಂದವನ ಬೆನ್ನು ಹತ್ತಿದ್ದಾರೆ, ಅಥೀನಾ ಅಡ್ಡ ನಿಂತಿದ್ದಾಳೆ.

ಈ ಜಾಡಿಯೊಳಗೆ ಸಿಕ್ಕಿದ್ದು ಸುಮಾರು 10 ವರ್ಷದ ಹುಡುಗನ ಮೂಳೆಗಳು. ಮಗನನ್ನು ಮಣ್ಣು ಮಾಡುವಾಗ ಆ ಮನೆಯವರು ಅವನನ್ನು ಮಲಗಿಸಿದ್ದು ಈ ಮಾನ್‌ಸ್ಟರ್‌ಗಳ ನಡುವೆ.

ಫೋಟೋಗಳಲ್ಲಿ ಜಾಸ್ತಿ ಕಾಣುವುದು ಓಡುತ್ತಿರುವ ಅಕ್ಕಂದಿರೇ. ಜಾಡಿಯನ್ನು ಇನ್ನೂ ಸ್ವಲ್ಪ ತಿರುಗಿಸಿ ನೋಡಿದರೆ ಮೆಡೂಸಾ ಸಿಗುತ್ತಾಳೆ. ತಲೆ ಇಲ್ಲ. ಉದ್ದಕ್ಕೆ ಮಲಗಿದ್ದಾಳೆ. ಚಿತ್ರ ಬಿಡಿಸಿದವನು ಅವಳ ಸುತ್ತ ಹೂ ಬರೆದಿದ್ದಾನೆ.